ಸೀಟಿನಡಿ ಇಂಜಿನ್ ಇರುವ ವ್ಯಾನ್‌ಗೆ ಶಾಖ ತಡೆಯುವ ಹಾಳೆ: ಹಾಕಿಸಬಹುದಾ?

ಹಾಕಿಸಬಹುದು. ಆದರೆ ಹಾಳೆ ಒಂದನ್ನೇ ನೆಚ್ಚಿಕೊಂಡು ಹಾಕಿಸಬೇಡಿ.

ಸೀಟಿನ ಕೆಳಗೇ ಇಂಜಿನ್ ಇರುವ ಹಳೇ ವ್ಯಾನ್ ಓಡಿಸುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸ್ವಲ್ಪ ದೂರ ಹೋದರೆ ಸಾಕು, ತೊಡೆ ಕೆಳಗೆ ಕಾವು ಏರುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರಂತೂ ಕೂರಲಾಗುವುದಿಲ್ಲ. ಸೀಟು ಹೊಸದಿದ್ದಾಗ ಇಷ್ಟು ಗೊತ್ತಾಗುವುದಿಲ್ಲ, ಯಾಕಂದ್ರೆ ದಪ್ಪ ಫೋಮೇ ಒಂದಷ್ಟು ಶಾಖ ತಡೆಯುತ್ತದೆ. ವರ್ಷ ಕಳೆದ ಹಾಗೆ ಫೋಮ್ ಕುಗ್ಗುತ್ತದೆ, ಕಾವಿಗೆ ಒಣಗಿ ಪುಡಿ ಉದುರುತ್ತದೆ. ಕೊನೆಗೆ ನಮಗೂ ಇಂಜಿನ್ನಿಗೂ ನಡುವೆ ಉಳಿಯುವುದು ಒಂದು ತಗಡು, ಒಂದು ರೆಕ್ಸಿನ್, ಅಷ್ಟೇ.

ನಾನು ತರಿಸಿದ್ದು 10 ಮಿಲಿಮೀಟರ್ ದಪ್ಪದ ಫೋಮ್ ಹಾಳೆ. ಒಂದು ಮೈಗೆ ಅಲ್ಯೂಮಿನಿಯಂ ಫಾಯಿಲ್, ಇನ್ನೊಂದು ಮೈಗೆ ಗಮ್. ಸುರುಳಿ ಸುತ್ತಿ ಬರುತ್ತದೆ, ಮಾಮೂಲಿ ಕಟರ್‌ನಲ್ಲಿ ಸಲೀಸಾಗಿ ಕತ್ತರಿಸಬಹುದು. ಅಂಟಿಸುವ ಮೊದಲು ಎರಡು ಪರೀಕ್ಷೆ ಮಾಡಿದೆ. ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಹಿಂಡಿದೆ. ನೀರು ಬರಲಿಲ್ಲ. ಅಂದರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿವೆ. ಇಂಜಿನ್ ಹತ್ತಿರ ಇದು ಬಹಳ ಮುಖ್ಯ. ಸೆಣಬಿನ ಫೆಲ್ಟ್ ಹಾಕಿದರೆ ಅದು ನೀರನ್ನೂ ಹೀರುತ್ತದೆ, ಆಯಿಲನ್ನೂ ಹೀರುತ್ತದೆ. ನೀರಿಗೆ ತಗಡು ತುಕ್ಕು ಹಿಡಿಯುತ್ತದೆ, ಆಯಿಲ್ ಬೆಂಕಿಗೆ ದಾರಿ. ಎರಡನೇ ತುಂಡನ್ನು ಮನೆ ಹೊರಗೆ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದೆ. ಬೆಂಕಿ ತೆಗೆದ ತಕ್ಷಣ ಆರಿಹೋಯಿತು. ತಾನಾಗಿ ಉರಿಯುತ್ತಾ ಹೋಗುವ ಫೋಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಈಗ ಫಾಯಿಲ್ ವಿಷಯ. ಹೊಳೆಯುವ ಅಲ್ಯೂಮಿನಿಯಂ ಎದುರಿನಿಂದ ಬರುವ ಝಳವನ್ನು 90 ಪರ್ಸೆಂಟಿಗೂ ಜಾಸ್ತಿ ವಾಪಸ್ ಕಳಿಸುತ್ತದೆ. ಆದರೆ ಫಾಯಿಲ್ ಮುಂದೆ ಗಾಳಿಗೆ ಜಾಗ ಇರಬೇಕು. ಬಿಸಿ ತಗಡಿಗೆ ಒತ್ತಿಕೊಂಡು ಕೂತರೆ ಅದೂ ಒಂದು ಲೋಹ ತಾನೇ, ಶಾಖವನ್ನು ನೇರ ದಾಟಿಸಿಬಿಡುತ್ತದೆ. ಹಾಗಾಗಿ ಹಾಳೆಯನ್ನು ರೆಕ್ಸಿನ್ ಕೆಳಗೆ ತುರುಕಿಸುವುದು ಸುಮ್ನೆ ದಂಡ. ಇಂಜಿನ್ ಮೇಲಿನ ಮುಚ್ಚಳದ ಒಳಮೈಗೆ, ಫಾಯಿಲ್ ಇಂಜಿನ್ ಕಡೆ ನೋಡುವ ಹಾಗೆ ಅಂಟಿಸಬೇಕು. ನಾನು ಹಾಗೇ ಮಾಡಿದೆ. ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ರೋಲರ್‌ನಲ್ಲಿ ಒತ್ತಿದೆ. ಅಂಚಿಗೆಲ್ಲ ಫಾಯಿಲ್ ಟೇಪ್.

ಎಲ್ಲಾ ಜಾಗಕ್ಕೂ ಈ ಹಾಳೆ ಆಗುವುದಿಲ್ಲ. ಇಂಜಿನ್ ತಣಿಸುವ ನೀರು (ಕೂಲೆಂಟ್) ಸಾಮಾನ್ಯವಾಗಿ 90 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಮಾತ್ರ ನೂರಾರು ಡಿಗ್ರಿಗೆ ಏರುತ್ತದೆ. ಅದರ ಹತ್ತಿರ ಫೋಮ್ ಹಾಕಿದರೆ ಕರಗುತ್ತದೆ. ಅಲ್ಲಿಗೆ ಫೈಬರ್‌ಗ್ಲಾಸ್ ಬಟ್ಟೆಯ ಹಾಳೆಯೇ ಬೇಕು, ಅದನ್ನೂ ಗಮ್ ನಂಬದೆ ವಾಷರ್ ಇಟ್ಟು ರಿವೆಟ್ ಹೊಡೆಸಬೇಕು. ಕಂಪನಿಯವರೇ ಕೊಟ್ಟ ತಗಡಿನ ಹೀಟ್ ಶೀಲ್ಡ್ ಸಡಿಲವಾಗಿದ್ದರೆ ಅಥವಾ ಯಾರೋ ಬಿಚ್ಚಿ ಬಿಸಾಕಿದ್ದರೆ, ಮೊದಲು ಅದನ್ನು ಹಾಕಿಸಿ.

ಫಲ ಏನು ಅಂದರೆ, ಮೊದಲಿನ ಆ ಸುಡುವ ಕಾವು ಹೋಗಿದೆ. ಬೆಚ್ಚಗಿರುತ್ತದೆ, ಅಷ್ಟೇ. ಮುಟ್ಟಿದರೆ ಕೈ ತೆಗೆಯುತ್ತಿದ್ದ ತಗಡಿನ ಮೇಲೆ ಈಗ ಆರಾಮಾಗಿ ಅಂಗೈ ಊರಬಹುದು. ನೀವು ಅಳೆದು ನೋಡುವುದಾದರೆ ಒಂದು ಮಾತು: ಮುಟ್ಟದೆ ದೂರದಿಂದಲೇ ತಾಪ ಅಳೆಯುವ ಗನ್ ಥರ್ಮಾಮೀಟರನ್ನು ನೇರ ಫಾಯಿಲ್‌ಗೆ ಹಿಡಿಯಬೇಡಿ. ಹೊಳೆಯುವ ಮೈ ಮೇಲೆ ಅದು ಸುಳ್ಳು ಲೆಕ್ಕ ತೋರಿಸುತ್ತದೆ, ಬಿಸಿ ಇದ್ದರೂ ತಣ್ಣಗಿದೆ ಅನ್ನುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ಫಾಯಿಲ್ ತೋರಿಸಿ ತಾಪ ಇಷ್ಟು ಇಳಿಯಿತು ಅನ್ನುವ ವಿಡಿಯೋಗಳನ್ನು ನೋಡುವಾಗಲೂ ಇದು ನೆನಪಿರಲಿ.

ನನ್ನನ್ನು ಕೇಳಿದರೆ, ಹಾಳೆ ಮಾಡಿದಷ್ಟೇ ಕೆಲಸವನ್ನು ಮುಚ್ಚಳದ ಸುತ್ತ ಹೊಸದಾಗಿ ಹಾಕಿಸಿದ ಬೀಡಿಂಗ್ ರಬ್ಬರ್ ಕೂಡ ಮಾಡಿತು. ಹಳೇದು ಕಲ್ಲಿನ ಹಾಗೆ ಗಟ್ಟಿಯಾಗಿ, ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಪೇಪರ್ ಪಟ್ಟಿ ಇಟ್ಟು ಮುಚ್ಚಳ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಆ ಸಂದಿಯಿಂದಲೇ ಬಿಸಿಗಾಳಿ ನುಗ್ಗುತ್ತಿದೆ ಅಂತ ಅರ್ಥ. ಬಿಸಿಗಾಳಿ ಒಂದೇ ಅಲ್ಲ. ಹೊಗೆ ಕೊಳವೆಯ ಗ್ಯಾಸ್ಕೆಟ್ ಲೀಕ್ ಇದ್ದರೆ ಕಾರ್ಬನ್ ಮೋನಾಕ್ಸೈಡ್ ಅನ್ನುವ ವಿಷಗಾಳಿ ಅದೇ ಸಂದಿಯಿಂದ ಒಳಗೆ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿಂದೆ ಮಕ್ಕಳು ಮಲಗಿರುತ್ತಾರೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಲೀಕ್ ನೋಡಿಸಿ, ಆಮೇಲೆ ಬೀಡಿಂಗ್, ಕೊನೆಗೆ ಹಾಳೆ. ಕಾವು ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಕೂಲೆಂಟ್ ಕೂಡ ನೋಡಿಸಿ.

ಹಾಳೆಯ ಬಗ್ಗೆ ಎರಡು ದೂರು ಇವೆ. ಕೀಲಿನ ಹತ್ತಿರ, ಬಾಗಿದ ಜಾಗದಲ್ಲಿ ಗಮ್ ಬೇಗ ಬಿಟ್ಟುಕೊಂಡಿತು. ಡಬ್ಬದ ಮೇಲೆ ‘ಸದ್ದೂ ನಿಲ್ಲುತ್ತದೆ’ ಅಂತ ಬರೆದಿದ್ದಾರೆ, ಅದು ಅರ್ಧ ನಿಜ. ಕಿರುಗುಟ್ಟುವ ಸದ್ದು ಕಮ್ಮಿಯಾಗಿದೆ, ಇಂಜಿನ್ನಿನ ಗುಮ್ಮೆನ್ನುವ ಸದ್ದು ಹಾಗೇ ಇದೆ. ತಗಡಿನ ಅದುರಾಟ ನಿಲ್ಲಬೇಕಾದರೆ ಭಾರದ ಬ್ಯೂಟೈಲ್ ರಬ್ಬರ್ ಹಾಳೆ ಬೇರೆ ಹಾಕಿಸಬೇಕು. ಆದರೆ ಅದು ಶಾಖ ತಡೆಯುವ ಸಾಮಾನಲ್ಲ.

ಸೀಟಿಗೂ ಒಂದಿಷ್ಟು ಖರ್ಚು ಮಾಡಿ. ಕುಷನ್ ಕೆಲಸದವರ ಹತ್ತಿರ ಕುಸಿದ ಭಾಗ ತೆಗೆಸಿ ಗಟ್ಟಿ ಫೋಮ್ ತುಂಬಿಸಿದ ಮೇಲೇ ನನಗೆ ಪೂರ್ತಿ ನೆಮ್ಮದಿ ಸಿಕ್ಕಿದ್ದು. ಮೇಲೆ ರೆಕ್ಸಿನ್ ಬದಲು ಗಾಳಿಯಾಡುವ ಬಟ್ಟೆ ಹೊದಿಸಿದರೆ ಬೆವರೂ ಕಮ್ಮಿ.

ಹಾಳೆ ಅಂಟಿಸುವಾಗ ಗಾಳಿ ಬರುವ ತೂತು, ನೀರು ಹರಿಯುವ ತೂತು, ಸೀಟ್ ಬೆಲ್ಟ್ ಬೋಲ್ಟ್ ಇವುಗಳನ್ನು ಮುಚ್ಚಬೇಡಿ. ಆಯಿಲ್ ಡಿಪ್‌ಸ್ಟಿಕ್ ಹತ್ತಿರ ತುಂಡನ್ನು ಬೇರೆಯಾಗಿ ಕತ್ತರಿಸಿ ಹಾಕಿ. ಅಲ್ಲಿ ಆಯಿಲ್ ಚೆಲ್ಲುವುದು ಗ್ಯಾರಂಟಿ, ನೆನೆದ ತುಂಡನ್ನು ಮಾತ್ರ ಕಿತ್ತು ಬದಲಾಯಿಸಬಹುದು.