ಬ್ರಿಟನ್ನಿನ ಉಗಿ ರೈಲು: ನಾಲ್ಕು ಪುಸ್ತಕಗಳಲ್ಲಿ ಮೊದಲು ಯಾವುದು?

ಬ್ರಿಟನ್ನಿನ ಉಗಿ ರೈಲಿನ ಮೇಲೆ ಬಂದಿರುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹಳಷ್ಟು ಇಂಜಿನ್ ನಂಬರು, ಚಕ್ರದ ಅಳತೆ, ಶೆಡ್ಡಿನ ಹೆಸರುಗಳ ಪಟ್ಟಿ. ಹುಚ್ಚು ಹಿಡಿದವರಿಗೆ ಅದೇ ಹಬ್ಬ. ನಮ್ಮಂಥವರಿಗೆ ಟೆಲಿಫೋನ್ ಡೈರೆಕ್ಟರಿ ಓದಿದ ಹಾಗೆ. ಕಥೆ ಹೇಳುವ ಪುಸ್ತಕಗಳೂ ಇವೆ. ಹಾಗೆ ನಾನು ಓದಿರುವ ನಾಲ್ಕನ್ನು ಇಲ್ಲಿ ಎದುರುಬದುರು ಇಟ್ಟು ನೋಡುತ್ತೇನೆ: ಕ್ರಿಶ್ಚಿಯನ್ ವೋಲ್ಮರ್ ಅವರ 'ಫೈರ್ ಅಂಡ್ ಸ್ಟೀಮ್', ಸೈಮನ್ ಬ್ರಾಡ್ಲಿ ಅವರ 'ದಿ ರೈಲ್ವೇಸ್', ಎಲ್.ಟಿ.ಸಿ. ರೋಲ್ಟ್ ಅವರ 'ರೈಲ್ವೇ ಅಡ್ವೆಂಚರ್' ಮತ್ತು 'ರೆಡ್ ಫಾರ್ ಡೇಂಜರ್'.

ಮೊದಲು ಪೂರ್ತಿ ಇತಿಹಾಸ ಓದಿ, ಆಮೇಲೆ ಬಿಡಿ ಕಥೆಗಳಿಗೆ ಹೋಗಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ತಿರುಗಾಮುರುಗಾ ಹೇಳುತ್ತೇನೆ. ಒಂದು ಸಣ್ಣ ಲೈನು, ಒಂದು ಅಪಘಾತ ಮೊದಲು ಮನಸ್ಸಿಗೆ ಹತ್ತಬೇಕು. ಆಮೇಲೆ ಇಸವಿಗಳು ತಾವಾಗೇ ನಿಲ್ಲುತ್ತವೆ.

ಪೂರ್ತಿ ಇತಿಹಾಸ ಒಂದೇ ಪುಸ್ತಕದಲ್ಲಿ ಬೇಕು ಅನ್ನುವವರಿಗೆ 2007ರಲ್ಲಿ ಬಂದ ವೋಲ್ಮರ್ ಪುಸ್ತಕವೇ ಸರಿ. 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿನಿಂದ ಹಿಡಿದು ಖಾಸಗೀಕರಣದವರೆಗೂ ಓಡಿಸಿಕೊಂಡು ಹೋಗುತ್ತಾರೆ. ಪತ್ರಕರ್ತರು, ಹಾಗಾಗಿ ಎಲ್ಲೂ ಎಳೆಯುವುದಿಲ್ಲ. ದುಡ್ಡಿನ ವಿಷಯ ಬಂದಾಗಲಂತೂ ಖುಷಿಯಾಗುತ್ತದೆ. 1840ರ ದಶಕದಲ್ಲಿ ಜನ ರೈಲ್ವೇ ಷೇರಿಗೆ ಮುಗಿಬಿದ್ದದ್ದು, 'ರೈಲ್ವೇ ರಾಜ' ಅನಿಸಿಕೊಂಡಿದ್ದ ಜಾರ್ಜ್ ಹಡ್ಸನ್ ಮೇಲೇರಿ ದೊಪ್ಪನೆ ಬಿದ್ದದ್ದು, ಇವೆಲ್ಲ ಇಂದಿನ ಪೇಟೆಯ ಸುದ್ದಿಯಂತೆಯೇ ಇವೆ. ಆದರೆ ಉಗಿಯ ವಾಸನೆ ಕಮ್ಮಿ. ಫುಟ್‌ಪ್ಲೇಟಿನ (ಇಂಜಿನ್ನಿನಲ್ಲಿ ಡ್ರೈವರ್ ನಿಲ್ಲುವ ಜಾಗ) ಮೇಲೆ ಕಲ್ಲಿದ್ದಲು ಎತ್ತಿ ಹಾಕುವವನ ಪಾಡು ತಿಳಿಯಬೇಕೆಂದರೆ ಇದು ಸಾಲದು. ಹೆರಿಟೇಜ್ ಲೈನುಗಳಿಗೆ, ಅಂದರೆ ಹಳೇ ಉಗಿ ಗಾಡಿ ಓಡಿಸಲೆಂದೇ ಉಳಿಸಿಕೊಂಡ ಲೈನುಗಳಿಗೆ, ಸಿಗುವ ಜಾಗವೂ ಅಷ್ಟಕ್ಕಷ್ಟೇ.

2015ರಲ್ಲಿ ಬಂದ ಬ್ರಾಡ್ಲಿ ಪುಸ್ತಕ ಇದಕ್ಕೆ ತದ್ವಿರುದ್ಧ. ಅವರ ಓದು ಕಟ್ಟಡಗಳದ್ದು, ಕಣ್ಣು ಸೂಕ್ಷ್ಮ. ಬೋಗಿಯೊಳಗೆ ಎಣ್ಣೆ ದೀಪ ಹೇಗಿತ್ತು, ಚಳಿಗಾಲದಲ್ಲಿ ಕಾಲು ಬೆಚ್ಚಗಿಡಲು ಏನು ಕೊಡುತ್ತಿದ್ದರು, ಶೌಚಾಲಯವಿಲ್ಲದ ಗಾಡಿಯಲ್ಲಿ ಜನ ಏನು ಮಾಡುತ್ತಿದ್ದರು, ಎಲ್ಲ ಇದೆ. 1864ರಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕಿನವನನ್ನು ಫಸ್ಟ್ ಕ್ಲಾಸ್ ಡಬ್ಬಿಯಲ್ಲೇ ಕೊಂದರು. ಆಗಿನ ಡಬ್ಬಿಗಳಿಗೆ ಒಂದರಿಂದ ಇನ್ನೊಂದಕ್ಕೆ ದಾರಿಯೇ ಇರಲಿಲ್ಲ. ಒಳಗೆ ಏನಾದರೂ ಆದರೆ ಗಾರ್ಡಿಗೆ ತಿಳಿಸುವಂತಿರಲಿಲ್ಲ. ಆ ಗಲಾಟೆಯ ನಂತರ, 1868ರಲ್ಲಿ, ದೂರ ನಿಲ್ಲದೆ ಓಡುವ ಗಾಡಿಗಳಲ್ಲಿ ಪ್ರಯಾಣಿಕರು ಸಿಬ್ಬಂದಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇರಲೇಬೇಕು ಅಂತ ಕಾನೂನಾಯಿತು. ನಮ್ಮ ಬೋಗಿಗಳಲ್ಲಿ ಎಳೆಯುವ ಸರಪಳಿಯೂ ಇದೇ ವಂಶದ್ದು.

ತೊಂದರೆ ಅಂದರೆ ಗಾತ್ರ. 600 ಪುಟ ದಾಟುತ್ತದೆ. ಮೊದಲಿಂದ ಕೊನೆಗೆ ಓದಲು ಹೊರಟರೆ ನಡುವೆ ದಣಿವಾಗುತ್ತದೆ, ನನಗಂತೂ ಆಯಿತು. ಬೇಕಾದ ಅಧ್ಯಾಯ ತೆರೆದು ಓದುವವರಿಗೆ ಇದು ಚಿನ್ನ.

ಇನ್ನು ರೋಲ್ಟ್. ಈತ ಇಂಜಿನಿಯರ್, ಕೈಗೆ ಗ್ರೀಸ್ ಮೆತ್ತಿಕೊಂಡು ಬರೆದವರು. 'ರೈಲ್ವೇ ಅಡ್ವೆಂಚರ್' (1953) ವೇಲ್ಸಿನ ಟಾಲಿಲಿನ್ ರೈಲ್ವೇಯ ಕಥೆ. ಸ್ಲೇಟ್ ಗಣಿಯಿಂದ ಟವಿನ್ ಊರಿಗೆ ಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಸಣ್ಣ ಲೈನು, ಹಳಿಗಳ ನಡುವೆ ಬರೀ 2 ಅಡಿ 3 ಇಂಚು. ಗಣಿ ಮುಚ್ಚಿದ ಮೇಲೂ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ತಾನಿರುವವರೆಗೆ ಗಾಡಿ ಓಡಿಸುತ್ತೇನೆ ಅಂತ ಹಟ ಹಿಡಿದಿದ್ದ. 1950ರಲ್ಲಿ ಆತ ತೀರಿಕೊಂಡ. ಅದೇ ವರ್ಷದ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ರೋಲ್ಟ್ ಮತ್ತು ಗೆಳೆಯರು ಲೈನು ಉಳಿಸಲು ಸಭೆ ಸೇರಿದರು. 1951ರ ಮೇ ತಿಂಗಳಲ್ಲಿ ಸ್ವಯಂಸೇವಕರೇ ಗಾಡಿ ಓಡಿಸಿದರು. ಜಗತ್ತಿನಲ್ಲಿ ಹೀಗೆ ಉಳಿದ ಮೊದಲ ರೈಲು ಇದೇ.

ಕೇಳೋಕೆ ಚೆಂದ. ಆದರೆ ಪುಸ್ತಕದ ರುಚಿ ಇರುವುದು ಪರದಾಟದಲ್ಲಿ. ಹಳಿ ಹುಲ್ಲಿನೊಳಗೆ ಮುಚ್ಚಿಹೋಗಿತ್ತು. ಮರದ ಸ್ಲೀಪರುಗಳು ಕೊಳೆತಿದ್ದವು. ಓಡುವ ಸ್ಥಿತಿಯಲ್ಲಿದ್ದದ್ದು 1866ರ ಡಾಲ್ಗಾಚ್ ಎಂಬ ಒಂದೇ ಇಂಜಿನ್. ಮುಚ್ಚಿಹೋಗಿದ್ದ ಪಕ್ಕದ ಕೋರಿಸ್ ರೈಲ್ವೇಯಿಂದ ಎರಡು ಇಂಜಿನ್ ತಂದರೆ, ಅದರಲ್ಲೊಂದು ಮತ್ತೆ ಮತ್ತೆ ಹಳಿ ತಪ್ಪುತ್ತಿತ್ತು. ಅದರ ಚಕ್ರದಲ್ಲಿ ಹಳಿಯ ಮೇಲೆ ಕೂರುವ ಪಟ್ಟಿ ಕಿರಿದು, ಇಲ್ಲಿನ ಹಳಿಗಳ ನಡುವಿನ ಅಂತರವೋ ಇರಬೇಕಾದ್ದಕ್ಕಿಂತ ಒಂಚೂರು ಜಾಸ್ತಿ. ಚಕ್ರ ಸೀದಾ ಒಳಗೆ ಇಳಿದುಬಿಡುತ್ತಿತ್ತು! ಇಷ್ಟಾದರೂ ರೋಲ್ಟ್ ಗೋಳಾಡುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತಾರೆ. ಯಾವುದೇ ಹೆರಿಟೇಜ್ ಲೈನಿಗೆ ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಓದಿ. ಹೊಳೆಯುವ ಹಿತ್ತಾಳೆ ನೋಡಿ ಸುಮ್ನೆ ಫೋಟೊ ತೆಗೆದು ಬರುವುದಕ್ಕೂ, ಆ ಹಳಿ ಯಾರ ರಟ್ಟೆಯ ಮೇಲೆ ನಿಂತಿದೆ ಅಂತ ತಿಳಿದು ಹತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂದು ಕೊರತೆ: ಕಥೆ 1952ರ ಆಸುಪಾಸಿಗೇ ನಿಲ್ಲುತ್ತದೆ. 1960ರ ಬ್ಲೂಬೆಲ್ ರೈಲ್ವೇ ಎಂಬ ಹೆರಿಟೇಜ್ ಲೈನು, 1968ರಲ್ಲಿ ಬ್ರಿಟಿಷ್ ರೈಲ್ವೇಯಲ್ಲಿ ಉಗಿ ಕೊನೆಗೊಂಡದ್ದು, ಬ್ಯಾರಿ ಊರಿನ ಗುಜರಿಯಿಂದ 213 ಇಂಜಿನ್ ಬಚಾವಾದದ್ದು, ಇದ್ಯಾವುದನ್ನೂ ಇಲ್ಲಿ ಹುಡುಕಬೇಡಿ.

ಒಂದೇ ಪುಸ್ತಕ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು 'ರೆಡ್ ಫಾರ್ ಡೇಂಜರ್' (1955). ಅಪಘಾತಗಳ ಪುಸ್ತಕ ಅಂತ ಹೆದರಬೇಡಿ, ರಕ್ತ ತೋರಿಸಿ ಓದಿಸುವ ಚಾಳಿ ಇಲ್ಲ. ಐರ್ಲೆಂಡಿನ ಅರ್ಮಾ, 1889ರ ಜೂನ್: ಸಂಡೇ ಸ್ಕೂಲ್ ಮಕ್ಕಳು ತುಂಬಿದ್ದ ಪಿಕ್ನಿಕ್ ಗಾಡಿ ಏರು ಹತ್ತಲಾರದೆ ನಿಂತಿತು. ಗಾಡಿಯನ್ನು ಎರಡು ತುಂಡು ಮಾಡಿ, ಮುಂದಿನ ತುಂಡನ್ನು ಮೊದಲು ಎಳೆಯೋಣ ಅಂದುಕೊಂಡರು. ಹಿಂದಿನ ಬೋಗಿಗಳ ಚಕ್ರಕ್ಕೆ ಕಲ್ಲು ಕೊಟ್ಟರು. ಇಂಜಿನ್ ಹೊರಡುವಾಗ ಕೊಂಚ ಹಿಂದಕ್ಕೆ ಸರಿದದ್ದೇ ಸಾಕಾಯಿತು. ಕಲ್ಲು ಪುಡಿ, ಬೋಗಿಗಳು ಇಳಿಜಾರಿನಲ್ಲಿ ಓಡಿದವು, ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. 80 ಜನ ಸತ್ತರು. ಬೋಗಿ ಬೇರೆಯಾದರೆ ತಾನೇ ಹಿಡಿಯುವ ಬ್ರೇಕ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅದೇ ವರ್ಷ ಕಾನೂನು ಬಂತು: ಪ್ರಯಾಣಿಕರ ಗಾಡಿಗೆ ಅಂಥ ಬ್ರೇಕ್ ಕಡ್ಡಾಯ, ಹಳಿಯ ಒಂದು ಬ್ಲಾಕಿನಲ್ಲಿ (ತುಂಡಿನಲ್ಲಿ) ಒಂದೇ ಗಾಡಿ, ಹಳಿ ಬದಲಿಸುವ ಪಾಯಿಂಟಿಗೂ ಸಿಗ್ನಲಿಗೂ ಇಂಟರ್‌ಲಾಕಿಂಗ್, ಅಂದರೆ ಒಂದಕ್ಕೊಂದು ಹೊಂದದಿದ್ದರೆ ಅಲುಗದ ಬೀಗ.

ಇದನ್ನು ಓದುವಾಗ ನಮ್ಮ ಕಡೆಯ ಸಿಂಗಲ್ ಲೈನ್ ಸ್ಟೇಷನ್ನುಗಳು ನೆನಪಾಗುತ್ತವೆ. ಡ್ರೈವರ್ ಓಡುವ ಇಂಜಿನಿನಿಂದಲೇ ಕೈ ಚಾಚಿ ಬಳೆಯಂಥ ಹಿಡಿಕೆಯಲ್ಲಿದ್ದ ಟೋಕನ್ ಕಿತ್ತುಕೊಳ್ಳುತ್ತಿದ್ದದ್ದು ನೋಡಿರುತ್ತೀರಿ ಅಲ್ವಾ? ಆ ಟೋಕನ್ ಕೈಗೆ ಬಾರದೆ ಆ ಲೈನಿಗೆ ಗಾಡಿ ಹೋಗುವಂತಿರಲಿಲ್ಲ. ಇಂಥ ಒಂದೊಂದು ನಿಯಮದ ಹಿಂದೆಯೂ ಎಲ್ಲೋ ಒಂದು ಅಪಘಾತ ಇದೆ ಎಂಬುದು ರೋಲ್ಟ್ ಓದಿದ ಮೇಲೆ ಮರೆಯುವುದಿಲ್ಲ. ಮಿಕ್ಕ ಮೂರು ಪುಸ್ತಕ ನನಗೆ ಬ್ರಿಟನ್ ತೋರಿಸಿದವು. ಇದು ನಾನು ದಿನಾ ಹತ್ತುವ ರೈಲನ್ನೂ ತೋರಿಸಿತು.

ಕೊಳ್ಳುವವರಿಗೆ ಒಂದು ಮಾತು. 'ರೆಡ್ ಫಾರ್ ಡೇಂಜರ್' ಹಲವು ಮುದ್ರಣ ಕಂಡಿದೆ. ಜೆಫ್ರಿ ಕಿಚನ್‌ಸೈಡ್ ನಂತರದ ಅಪಘಾತಗಳನ್ನು ಸೇರಿಸಿದ ಮುದ್ರಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ವೋಲ್ಮರ್ ಬರವಣಿಗೆ ಹಿಡಿಸಿದರೆ, ಭಾರತದ ರೈಲಿನ ಬಗ್ಗೆ ಅವರು 2017ರಲ್ಲಿ ಬರೆದ 'ರೈಲ್ವೇಸ್ ಅಂಡ್ ದಿ ರಾಜ್' ಕೂಡ ಇದೆ.