ರಿವಾಲ್ವರ್ ಹಿಡಿಯಲು ಎರಡು ದಿನ: ದಕ್ಷಿಣ ಕೊಡಗಿನ ಒಂದು ತರಬೇತಿಯ ಬಗ್ಗೆ

ಕೊಡಗಿನವರಿಗೆ ಕೋವಿ ಹೊಸದಲ್ಲ. ಸೆಪ್ಟೆಂಬರ್ 3ರ ಆಯುಧ ಹಬ್ಬವಾದ ಕೈಲ್‌ಪೊಳ್ದಿನಂದು ಅದನ್ನು ಒರೆಸಿ, ಹೂವಿಟ್ಟು ಪೂಜಿಸುತ್ತೇವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನೋಡುತ್ತಲೇ ಬೆಳೆದಿದ್ದೇವೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರ ವರೆಗೆ, ವಿಸ್ತರಿಸಿತು. ಈ ಬಳಕೆಯಿಂದಾಗಿಯೇ, ಜೋಡು ನಳಿಗೆಯ ಕೋವಿಯನ್ನು ಹೆಗಲಿಗೆ ಕೊಟ್ಟು ಗುರಿ ಹೊಡೆದವರಿಗೆ ಅಂಗೈಯಷ್ಟಗಲದ ರಿವಾಲ್ವರ್ ಒಂದು ಲೆಕ್ಕವೇ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ನನಗೂ ಇತ್ತು. ದಕ್ಷಿಣ ಕೊಡಗಿನ ಒಂದು ಖಾಸಗಿ ಗುರಿ ಅಭ್ಯಾಸ ಕೇಂದ್ರದಲ್ಲಿ ಎರಡು ದಿನ ಕಳೆದ ಮೇಲೆ ಆ ನಂಬಿಕೆಯನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ.

ಯಜಮಾನರು ತೀರಿಕೊಂಡ ನಂತರ ಅವರ .32 ರಿವಾಲ್ವರ್‌ಗೆ ನನ್ನ ಹೆಸರಿನಲ್ಲಿ ಪರವಾನಗಿ ಮಾಡಿಸಿಕೊಂಡೆ. ಮನೆ ತೋಟದ ನಡುವೆ ಇದೆ, ಜೊತೆಗಿರುವವರು ವಯಸ್ಸಾದ ಅತ್ತೆ ಒಬ್ಬರೇ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು, ದಾರಿ, ಮೊಬೈಲ್ ಸಿಗ್ನಲ್ ಮೂರೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಅಂಥ ರಾತ್ರಿ ಯಾರಾದರೂ ಬಾಗಿಲು ಒಡೆದು ಒಳಬಂದರೆ ಏನು ಮಾಡಬೇಕು ಎಂಬುದಕ್ಕೆ ನನ್ನಲ್ಲಿದ್ದ ಉತ್ತರ ಬೀರುವಿನೊಳಗಿನ ರಿವಾಲ್ವರ್ ಮಾತ್ರ. ಅದನ್ನು ಒಮ್ಮೆಯೂ ಹಾರಿಸಿರಲಿಲ್ಲ. ಹೊಸದಾಗಿ ಪರವಾನಗಿ ಕೇಳುವವರು ಸುರಕ್ಷತಾ ತರಬೇತಿ ಪಡೆದಿರಬೇಕು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಆದರೆ ಪ್ರಮಾಣಪತ್ರಕ್ಕಾಗಿ ಮಾಡುವ ತರಬೇತಿಯೇ ಬೇರೆ, ಕತ್ತಲಲ್ಲಿ ಕೈ ನಡುಗುವಾಗ ನೆರವಿಗೆ ಬರುವ ತರಬೇತಿಯೇ ಬೇರೆ. ಎರಡನೆಯದನ್ನು ಹುಡುಕಿಕೊಂಡು ಇಲ್ಲಿಗೆ ಹೋದೆ.

ಕೇಂದ್ರ ಸರಳವಾಗಿದೆ. ಗುಡ್ಡವನ್ನು ಕಡಿದು ಎಬ್ಬಿಸಿದ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಗುರಿ ಹಲಗೆಗಳು, ಈಚೆಗೆ ತಗಡಿನ ಮಾಡು. ಕಲಿಸುವವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಪರವಾನಗಿ ಇದ್ದವರು ತಮ್ಮದೇ ಆಯುಧ ತರಬಹುದು, ಇಲ್ಲದವರಿಗೆ ಏರ್ ಪಿಸ್ತೂಲು ಕೊಡುತ್ತಾರೆ. ನಮ್ಮ ತಂಡದಲ್ಲಿ ಆರು ಜನರಿದ್ದೆವು.

ಮೊದಲ ದಿನ ಮಧ್ಯಾಹ್ನದವರೆಗೆ ಒಂದು ಗುಂಡೂ ಹಾರಲಿಲ್ಲ. ಕೆಲವರು ಮುಖ ಸಿಂಡರಿಸಿಕೊಂಡರು. ನನ್ನ ಅಭಿಪ್ರಾಯದಲ್ಲಿ ಇಡೀ ತರಬೇತಿಯ ಜೀವಾಳವೇ ಆ ಮೂರೂವರೆ ಗಂಟೆ. ಪ್ರತಿ ಆಯುಧವೂ ತುಂಬಿದೆ ಎಂದೇ ತಿಳಿಯುವುದು, ನಾಶವಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸದಿರುವುದು, ಗುರಿ ಕಣ್ಣಿಗೆ ಕೂರುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು, ಗುರಿಯೇನು, ಅದರ ಹಿಂದೆ ಏನಿದೆ ಎಂದು ಅರಿತಿರುವುದು: ಈ ನಾಲ್ಕನ್ನು ಬಾಯಿಪಾಠ ಮಾಡಿಸಿ ಬಿಡಲಿಲ್ಲ, ತಪ್ಪಿದಾಗಲೆಲ್ಲ ನಿಲ್ಲಿಸಿ ಮೊದಲಿನಿಂದ ಮಾಡಿಸಿದರು. ಆಮೇಲೆ ಖಾಲಿ ರಿವಾಲ್ವರ್‌ನ ಅಭ್ಯಾಸ. ನಳಿಗೆಯ ಮೇಲೆ, ಮುಂದಿನ ಗುರಿಗೂಟದ (ಗುರಿ ನೋಡಲು ಇರುವ ಸಣ್ಣ ಗೂಟ) ಹಿಂದೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಮೊದಲ ಇಪ್ಪತ್ತು ಸಲವೂ ನನ್ನ ನಾಣ್ಯ ನೆಲಕ್ಕೆ ಬಿತ್ತು. ರಿವಾಲ್ವರ್‌ನ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹೆಬ್ಬೆರಳಿಂದ ಮೊದಲೇ ಹಿಂದಕ್ಕೆ ಎಳೆದಿಟ್ಟರೆ ಟ್ರಿಗರ್ ಹಗುರವಾಗುತ್ತದೆ, ನಾಣ್ಯವೂ ನಿಲ್ಲುತ್ತದೆ. ಆದರೆ ಗಾಬರಿಯಲ್ಲಿರುವಾಗ ಅಷ್ಟು ಹಗುರವಾದ ಟ್ರಿಗರ್ ಅಪಾಯವೆಂದು ಆ ದಾರಿಯನ್ನು ಅವರು ಒಪ್ಪಲಿಲ್ಲ. ಉದ್ದವಾದ, ಬಿಗಿಯಾದ ಆ ಎಳೆತವನ್ನೇ ಕೈಗೆ ರೂಢಿ ಮಾಡಿಸಿದರು.

ಕೋವಿಯ ಅಭ್ಯಾಸ ಇಲ್ಲಿ ಏಕೆ ಸಾಲದು ಎಂಬುದನ್ನು ಅವರು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ರೈಫಲ್‌ನ ಹಿಂದಿನ ಮತ್ತು ಮುಂದಿನ ಗುರಿಗೂಟಗಳ ನಡುವೆ 70 ಸೆಂ.ಮೀ. ಅಂತರವಿದ್ದರೆ, ಅವುಗಳ ಹೊಂದಾಣಿಕೆಯಲ್ಲಿ ಆಗುವ 1 ಮಿ.ಮೀ. ತಪ್ಪು 7 ಮೀಟರ್ ದೂರದಲ್ಲಿ 1 ಸೆಂ.ಮೀ. ಆಗುತ್ತದೆ. ಆ ಅಂತರ 12 ಸೆಂ.ಮೀ. ಇರುವ ರಿವಾಲ್ವರ್‌ನಲ್ಲಿ ಅದೇ ತಪ್ಪು ಸುಮಾರು 6 ಸೆಂ.ಮೀ. ಆಗುತ್ತದೆ. ಮೇಲಾಗಿ ರಿವಾಲ್ವರ್‌ಗೆ ಹೆಗಲಿನ ಆಸರೆ ಇಲ್ಲ, ಮಣಿಕಟ್ಟು ಸ್ವಲ್ಪ ತಿರುಗಿದರೂ ನಳಿಗೆಯ ಮೂತಿ ಮನೆಯವರ ಕಡೆಗೇ ತಿರುಗಬಹುದು.

ಮಧ್ಯಾಹ್ನದ ಮೇಲೆ ಗುಂಡು ತುಂಬಿದ ಅಭ್ಯಾಸ 3 ಮೀಟರ್‌ನಿಂದ ಶುರುವಾಗಿ 7 ಮೀಟರ್‌ಗೆ ನಿಂತಿತು. ಮನೆಯೊಳಗೆ ಅದಕ್ಕಿಂತ ದೂರದ ಗುರಿ ಇರುವುದು ಅಪರೂಪ ಎಂಬುದು ಅವರ ವಾದ, ಅದು ಸರಿಯಾಗಿಯೂ ಇದೆ. ನನ್ನ ಗುಂಡುಗಳೆಲ್ಲ ಎಡಕ್ಕೆ ಕೆಳಗೆ ಬೀಳುತ್ತಿದ್ದವು. ಆಗ ಸುಬೇದಾರರು ನನ್ನ ರಿವಾಲ್ವರನ್ನು ತೆಗೆದುಕೊಂಡು, ನನಗೆ ಕಾಣದಂತೆ ತೋಟೆಗಳ ನಡುವೆ ಎರಡು ಡಮ್ಮಿ, ಅಂದರೆ ಹಾರದ, ತೋಟೆಗಳನ್ನು ಸೇರಿಸಿ ಕೊಟ್ಟರು. ಮೂರು ಗುಂಡು ಹಾರಿದವು. ನಾಲ್ಕನೆಯ ಸಲ ‘ಟಕ್’ ಎಂಬ ಸದ್ದು ಮಾತ್ರ ಬಂತು. ಏನೂ ಹಾರದಿದ್ದರೂ ನಳಿಗೆಯ ಮೂತಿ ಎರಡು ಬೆರಳಿನಷ್ಟು ಕೆಳಕ್ಕೆ ಕುಕ್ಕಿದ್ದನ್ನು ನಾನೇ ಕಣ್ಣಾರೆ ಕಂಡೆ. “ನಿಮ್ಮ ಕಣ್ಣಿನದು ತಪ್ಪಲ್ಲ, ಸದ್ದು ಬರುವ ಮೊದಲೇ ಕೈ ಹೆದರುತ್ತಿದೆ, ಅಷ್ಟೇ,” ಎಂದರು. ಎರಡನೆಯ ದಿನದ ಕೊನೆಗೆ 7 ಮೀಟರ್‌ನಲ್ಲಿ ಊಟದ ತಟ್ಟೆಯಗಲದ ವೃತ್ತದೊಳಗೆ ಆರರಲ್ಲಿ ಐದು ಗುಂಡು ಬಿದ್ದವು.

ಆದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ತಟ್ಟೆಯಲ್ಲ, ಒಂದು ನಕ್ಷೆ. ಎರಡನೆಯ ದಿನ ಬೆಳಿಗ್ಗೆ ಎಲ್ಲರಿಗೂ ಹಾಳೆ ಕೊಟ್ಟು, ಅವರವರ ಮನೆಯ ನಕ್ಷೆ ಬರೆದು, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂದು ಗುರುತಿಸಲು ಹೇಳಿದರು. ಹಿತ್ತಿಲ ಬಾಗಿಲಿನಿಂದ ಕಳ್ಳರು ಬರುತ್ತಾರೆ ಎಂದು ನಾನು ಎಣಿಸಿದ್ದೆ. ಪಡಸಾಲೆಯಿಂದ ಆ ಬಾಗಿಲಿಗೆ ಗೆರೆ ಎಳೆದು ಮುಂದುವರಿಸಿದಾಗ ಅದು ನೇರವಾಗಿ ತೋಟದ ಆಳುಗಳು ವಾಸಿಸುವ ಲೈನ್‌ಮನೆಯ ಮೂರನೆಯ ಕೋಣೆಗೆ ಹೋಗಿ ಮುಟ್ಟಿತು. ಅಲ್ಲಿ ಎರಡು ಮಕ್ಕಳು ಮಲಗುತ್ತವೆ. ಹಲಗೆಯ ಬಾಗಿಲನ್ನು ದಾಟಿ ಹೋಗುವುದು .32 ಗುಂಡಿಗೆ ಕಷ್ಟವಲ್ಲ. ಇಷ್ಟು ವರ್ಷ ಆ ಮನೆಯಲ್ಲಿದ್ದೂ ಇದು ನನಗೆ ಹೊಳೆದಿರಲಿಲ್ಲ. ಅತ್ತೆಯನ್ನು ಕರೆದುಕೊಂಡು ಒಂದೇ ಕೋಣೆ ಸೇರಿ ಚಿಲಕ ಹಾಕುವುದು, 112ಕ್ಕೆ ಕರೆ ಮಾಡುವುದು, ಕೂಗಿ ಎಚ್ಚರಿಸುವುದು, ಆ ಕೋಣೆಯ ಬಾಗಿಲನ್ನೂ ಒಡೆದು ಬಂದರೆ ಮಾತ್ರ ರಿವಾಲ್ವರ್: ಈ ಕ್ರಮವನ್ನು ಅಲ್ಲಿಯೇ ಬರೆದುಕೊಂಡು ಬಂದೆ.

ಕಾನೂನಿನ ಪಾಠಕ್ಕೆ ಅರ್ಧ ಗಂಟೆ ಮಾತ್ರ ಇಟ್ಟಿರುವುದು ದೊಡ್ಡ ಕೊರತೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂದು ಮಿತಿಯನ್ನೂ ಹಾಕುತ್ತವೆ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹೊಡೆಯಬಹುದೇ ಎಂದು ಒಬ್ಬರು ಕೇಳಿದರು. ಕೂಡದೆಂದು ಸ್ಪಷ್ಟವಾಗಿ ಹೇಳಿದರಾದರೂ, ಇಂಥ ಪ್ರಶ್ನೆಗಳಿಗೆ ಅರ್ಧ ದಿನವೇ ಬೇಕು.

ತಗಡಿನ ಮಾಡಿನ ಕೆಳಗೆ ಸದ್ದು ಇಮ್ಮಡಿಯಾಗಿ ಕೇಳಿಸುತ್ತದೆ, ಅಲ್ಲಿ ಕೊಡುವ ಕಿವಿಗವಸುಗಳ ಮೆತ್ತೆ ಹರಿದುಹೋಗಿದೆ. ಸ್ವಂತದ್ದನ್ನು ಕೊಂಡೊಯ್ಯುವುದು ಒಳ್ಳೆಯದು. ಗುಂಡು ಹಾರಿಸಿದ ಕೈಗೆ ಸೀಸದ ಪುಡಿ ಅಂಟಿರುತ್ತದೆ. ಆದರೂ ಮೊದಲ ದಿನ ಊಟದ ಹೊತ್ತಿಗೆ ನಲ್ಲಿಯ ಬಳಿ ಸಾಬೂನು ಇರಲಿಲ್ಲ. ಹೇಳಿದ ಮೇಲೆ ಮರುದಿನ ಇಟ್ಟಿದ್ದರು. ಅಕ್ಕಿರೊಟ್ಟಿ ಮತ್ತು ಕುಂಬಳಕಾಯಿ ಸಾರು ಚೆನ್ನಾಗಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ, ಮಂದ ಬೆಳಕಿನ ಅಭ್ಯಾಸ ಇಲ್ಲಿ ಇಲ್ಲವೇ ಇಲ್ಲ. ನಾವು ಹೆದರುವುದು ಕರೆಂಟು ಹೋದ ರಾತ್ರಿಗೆ. ಒಂದು ಕೈಯಲ್ಲಿ ಟಾರ್ಚು ಹಿಡಿದು, ಎದುರಿಗಿರುವುದು ಕಳ್ಳನೋ, ಮಳೆಗೆ ಸಿಕ್ಕಿ ಆಸರೆ ಕೇಳಿ ಬಂದ ಆಳೋ ಎಂದು ಗುರುತಿಸುವುದನ್ನು ಕಲಿಸದೆ ಈ ತರಬೇತಿ ಪೂರ್ಣವಾಗದು. ಇದನ್ನು ಕೇಂದ್ರದವರಿಗೆ ಬರೆದು ಕೊಟ್ಟಿದ್ದೇನೆ. ಮಳೆ ಕಳೆದ ಮೇಲೆ ಸಂಜೆಯ ತರಗತಿಯೊಂದನ್ನು ಸೇರಿಸುವುದಾಗಿ ಹೇಳಿದ್ದಾರೆ. ಅದು ಶುರುವಾದರೆ ಇನ್ನೊಮ್ಮೆ ಹೆಸರು ಕೊಡುತ್ತೇನೆ. ಅಲ್ಲಿಯವರೆಗೆ ರಿವಾಲ್ವರ್ ಬೀಗದ ಪೆಟ್ಟಿಗೆಯಲ್ಲಿ, ತೋಟೆಗಳು ಇನ್ನೊಂದು ಬೀಗದಲ್ಲಿ ಇವೆ; ದಿನಕ್ಕೆ ಹತ್ತು ನಿಮಿಷ, ಆಯುಧ ಖಾಲಿಯಿದೆ ಎಂದು ಎರಡು ಸಲ ನೋಡಿಕೊಂಡು, ಲೈನ್‌ಮನೆಯ ಕಡೆಗಲ್ಲದೆ ಮಣ್ಣಿನ ಬರೆಯ ಕಡೆಗಿರುವ ಗೋಡೆಗೆ ಮುಖ ಮಾಡಿ ನಾಣ್ಯದ ಅಭ್ಯಾಸ ಮುಂದುವರಿಸಿದ್ದೇನೆ.