ಒಂದೇ ನಳಿಗೆ, ಎರಡು ಸಿಲಿಂಡರ್: ರೂಗರ್ ಸಿಂಗಲ್ ಸಿಕ್ಸ್ ಕನ್ವರ್ಟಿಬಲ್

ಗುರಿ ಅಭ್ಯಾಸಕ್ಕೆಂದು ಕೆಲವು ವರ್ಷಗಳಿಂದ ನಾನು ಬಳಸುತ್ತಿರುವ ಅಮೆರಿಕದ ರೂಗರ್ ಕಂಪನಿಯ ಈ ರಿವಾಲ್ವರ್ ಜೊತೆಗೆ ತೋಟಾ ತುಂಬುವ ಎರಡು ತಿರುಗು ಸಿಲಿಂಡರ್‌ಗಳು ಬರುತ್ತವೆ, ಒಂದು .22 ಲಾಂಗ್ ರೈಫಲ್ ತೋಟಾಗಳಿಗೆ, ಇನ್ನೊಂದು ಹೆಚ್ಚು ಬಲದ .22 ಮ್ಯಾಗ್ನಮ್ ತೋಟಾಗಳಿಗೆ. ಸಿಂಗಲ್ ಸಿಕ್ಸ್ ಮೊದಲು ಬಂದದ್ದು 1953ರಲ್ಲಿ, .22 ಮ್ಯಾಗ್ನಮ್ ಬಂದದ್ದು 1959ರಲ್ಲಿ.

ಸಿಲಿಂಡರ್ ಬದಲಾಯಿಸಲು ಯಾವ ಉಪಕರಣವೂ ಬೇಡ. ಆರೂ ಕೋಣೆಗಳು ಖಾಲಿಯಿವೆಯೆಂದು ಕಣ್ಣಾರೆ ನೋಡಿಕೊಂಡು, ತೋಟಾ ತುಂಬುವ ಪಕ್ಕದ ಬಾಗಿಲಾದ ಲೋಡಿಂಗ್ ಗೇಟ್ ತೆರೆದು, ಚೌಕಟ್ಟಿನ ಮುಂಭಾಗದ ಅಡ್ಡಗುಂಡಿಯನ್ನು ಒತ್ತಿ ನಡುವಿನ ಪಿನ್ನನ್ನು ಮುಂದಕ್ಕೆಳೆದರೆ ಸಿಲಿಂಡರ್ ಅಂಗೈಗೆ ಉರುಳುತ್ತದೆ. ಇನ್ನೊಂದನ್ನು ಕೂರಿಸಿದ ಮೇಲೆ ಪಿನ್ ಪೂರ್ತಿ ಒಳಹೋಗಿ ಕಚ್ಚಿಕೊಂಡಿತೇ ಎಂದು ನಾನು ತಪ್ಪದೆ ಎಳೆದು ನೋಡುತ್ತೇನೆ.

ನಳಿಗೆ ಎರಡಕ್ಕೂ ಒಂದೇ ಆದ್ದರಿಂದ ಅದನ್ನು ಮ್ಯಾಗ್ನಮ್‌ನ .224 ಇಂಚಿನ ಗುಂಡಿಗೆ ತಕ್ಕಂತೆ ಕೊರೆದಿರುತ್ತಾರೆ. ಲಾಂಗ್ ರೈಫಲ್ ಗುಂಡು ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಸಣ್ಣದು. ಮೆದು ಸೀಸದ ಆ ಗುಂಡು ಹಿಗ್ಗಿ ನಳಿಗೆಗೆ ಹೊಂದಿಕೊಳ್ಳುವುದರಿಂದ ನನ್ನ ಮಟ್ಟದ ಅಭ್ಯಾಸದಲ್ಲಿ ನಿಖರತೆಗೆ ಕುಂದು ಕಾಣಲಿಲ್ಲ. ಆದರೆ ಎರಡರ ಗುಂಡುಗಳೂ ಒಂದೇ ಜಾಗಕ್ಕೆ ಬೀಳುವುದಿಲ್ಲ, ಗುರಿ ಹಿಡಿಯುವ ಹಿಂಬದಿ ಸೈಟನ್ನು ಪ್ರತಿಸಲವೂ ತಿರುಗಿಸಿ ಸರಿಹೊಂದಿಸಬೇಕು.

ನಿಜವಾದ ಎಚ್ಚರ ಬೇಕಾದದ್ದು ತೋಟಾಗಳ ವಿಷಯದಲ್ಲಿ. ಮ್ಯಾಗ್ನಮ್ ತೋಟಾ ಲಾಂಗ್ ರೈಫಲ್ ಸಿಲಿಂಡರ್‌ಗೆ ಹೋಗುವುದೇ ಇಲ್ಲ, ಆದರೆ ಲಾಂಗ್ ರೈಫಲ್ ತೋಟಾ ಮ್ಯಾಗ್ನಮ್ ಕೋಣೆಯೊಳಗೆ ಸಲೀಸಾಗಿ ಜಾರಿಬಿಡುತ್ತದೆ. ಅದರ ಹಿತ್ತಾಳೆ ಕವಚ ಸುಮಾರು 5.7 ಮಿಲಿಮೀಟರ್ ವ್ಯಾಸದ್ದಾದರೆ ಮ್ಯಾಗ್ನಮ್‌ನದು ಸುಮಾರು 6.1, ಸುತ್ತಲೂ ಆಸರೆ ಸಿಗದೆ ಕವಚ ಉಬ್ಬಿ ಸೀಳಬಹುದು, ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಹಾಗಾಗಿ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಡಬ್ಬಿ ಇಡುತ್ತೇನೆ.

ಇದರ ಅನುಕೂಲಕ್ಕೆ ಮನಸೋತು ನನ್ನ ಇನ್ನೊಂದು .357 ಮ್ಯಾಗ್ನಮ್ ರಿವಾಲ್ವರ್‌ಗೆ 9 ಮಿಲಿಮೀಟರ್ ಸಿಲಿಂಡರನ್ನು ಬಿಡಿಯಾಗಿ ಕೊಂಡೆ. ಅದು ಸಿಂಗಲ್ ಆ್ಯಕ್ಷನ್ (ಪ್ರತಿಸಲವೂ ಹೊಡೆಯುವ ಸುತ್ತಿಗೆಯನ್ನು ಕೈಯಿಂದ ಹಿಂದಕ್ಕೆಳೆಯಬೇಕಾದ ಬಗೆಯ) ರಿವಾಲ್ವರ್ ಆದದ್ದರಿಂದ, ಖಾಲಿ ಕವಚಗಳನ್ನು ನಳಿಗೆಯ ಪಕ್ಕದ ಕಡ್ಡಿಯೇ ಒಳಗಿನಿಂದ ಒಂದೊಂದಾಗಿ ತಳ್ಳುತ್ತದೆ. ಬುಡದಲ್ಲಿ ಹೊರಚಾಚಿದ ಅಂಚಿಲ್ಲದ 9 ಮಿಲಿಮೀಟರ್ ಕವಚಕ್ಕೂ ಹಿಡಿದಿಡುವ ಕ್ಲಿಪ್ ಬೇಕಾಗಲಿಲ್ಲ. ತೊಂದರೆ ಬಂದದ್ದು ಬೇರೆಡೆ. ಆರರಲ್ಲಿ ಒಂದು ಕೋಣೆ ನಳಿಗೆಗೆ ನೇರವಾಗಿ ನಿಲ್ಲುತ್ತಿರಲಿಲ್ಲ. ಸೀಸದ ಗುಂಡು ಹಾರಿಸಿದಾಗ ನಳಿಗೆಯ ಹಿಂಬದಿಯ ಬಾಯಂಚು ಅದನ್ನು ಹೆರೆದು, ಪಕ್ಕದ ಸಾಲಿನಲ್ಲಿ ನಿಂತಿದ್ದವರ ತೋಳಿಗೆ ಸಣ್ಣ ಚೂರೊಂದು ಚುಚ್ಚಿತು. ಅಂದೇ ಬಳಕೆ ನಿಲ್ಲಿಸಿ, ನುರಿತ ಬಂದೂಕು ದುರಸ್ತಿಗಾರರಿಂದ ಆ ಸಿಲಿಂಡರನ್ನು ರಿವಾಲ್ವರ್‌ಗೆ ಹೊಂದಿಸಿಕೊಂಡ ಮೇಲಷ್ಟೇ ಮತ್ತೆ ಮುಟ್ಟಿದೆ.

ಆದ್ದರಿಂದ ಕೊಳ್ಳುವವರು ಎರಡೂ ಸಿಲಿಂಡರ್‌ಗಳನ್ನು ಕಾರ್ಖಾನೆಯಲ್ಲೇ ಹೊಂದಿಸಿದ ಜೋಡಿಯನ್ನೇ ಆರಿಸಬೇಕು. ಬಳಸಿದ ಸಿಂಗಲ್ ಸಿಕ್ಸ್ ಸಿಕ್ಕರೆ ಹೆಚ್ಚುವರಿ ಸಿಲಿಂಡರ್‌ನ ಮುಂಭಾಗವನ್ನು ಬೆಳಕಿಗೆ ಹಿಡಿದು, ಅಲ್ಲಿ ಗೀಚಿರುವ ಅಂಕಿಗಳು ಚೌಕಟ್ಟಿನ ಕ್ರಮಸಂಖ್ಯೆಯ ಕೊನೆಯ ಅಂಕಿಗಳಿಗೆ ತಾಳೆಯಾಗುತ್ತವೆಯೇ ಎಂದು ನೋಡಿ.